ಇಬ್ಬರು ಬಾಣಂತಿಯರು, ಒಂದು ಹಿತ್ತಲು

ನಮ್ಮ ಕಾವ್ಯಗಳಲ್ಲಿ ಬಸಿರಿನ ವರ್ಣನೆಗೆ ಕೊರತೆಯಿಲ್ಲ. ಬಯಕೆ, ಬಿಳುಪೇರಿದ ಮುಖ, ಮಗ ಹುಟ್ಟಿದಾಗ ಅರಮನೆಯಲ್ಲಿ ನಡೆದ ಸಂಭ್ರಮ, ಇವನ್ನೆಲ್ಲ ನಾವು ಅಧ್ಯಾಪಕರು ವರ್ಷವರ್ಷವೂ ತರಗತಿಯಲ್ಲಿ ಪಾಠ ಹೇಳುತ್ತೇವೆ. ಆದರೆ ಒಂದೇ ಕಾಲದಲ್ಲಿ ಬಸುರಾದ ಇಬ್ಬರು ಹೆಂಗಸರನ್ನು ಕವಿ ಎದುರುಬದುರು ನಿಲ್ಲಿಸಿದನೆಂದರೆ ಅಲ್ಲಿ ಹೊಟ್ಟೆಕಿಚ್ಚು ಮೊಳೆಯಿತೆಂದೇ ತಿಳಿಯಬೇಕು. ಕುಂತಿಗೆ ಮಗ ಹುಟ್ಟಿದನೆಂದು ಕೇಳಿ ಗಾಂಧಾರಿ ತನ್ನ ಬಸಿರನ್ನೇ ಘಾತಿಸಿಕೊಂಡ ಕಥೆಯನ್ನು ವ್ಯಾಸನೂ ಹೇಳಿದ್ದಾನೆ, ಹತ್ತನೆಯ ಶತಮಾನದ ನಮ್ಮ ಪಂಪನೂ ಹೇಳಿದ್ದಾನೆ. ಗೋಕುಲದ ಒಂದೇ ಅಂಗಳದಲ್ಲಿ ಯಶೋದೆ ರೋಹಿಣಿಯರು ಎರಡು ಕೂಸುಗಳನ್ನು ಸಾಕಿದ ಚಿತ್ರವೂ ಇದೆ, ನಿಜ. ಅಲ್ಲಿ ಕವಿಗಳ ಕಣ್ಣೆಲ್ಲ ಮಕ್ಕಳ ಮೇಲೆ; ತಾಯಂದಿರಿಬ್ಬರು ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರೆಂದು ಯಾರೂ ಕಿವಿಗೊಟ್ಟಂತಿಲ್ಲ. 1200ರ ಸುಮಾರಿಗೆ ದೇವೇಂದ್ರಮುನಿ ಕನ್ನಡದಲ್ಲಿ ‘ಬಾಲಗ್ರಹ ಚಿಕಿತ್ಸೆ’ಯನ್ನು ಬರೆದನು. ಕೂಸಿನ ರೋಗಕ್ಕೆ ಗ್ರಂಥ ಹುಟ್ಟಿತು. ಆ ಕೂಸಿನ ಪಕ್ಕದಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದವಳ ಜೊತೆಗೆ ಯಾರು ಎಚ್ಚರವಿದ್ದರು ಎಂಬುದನ್ನು ಯಾರು ಬರೆದಿಟ್ಟಾರು?

ಈ ‘ಜೊತೆ’ಯ ಚರಿತ್ರೆಯನ್ನು ಹುಡುಕುವವರು ಒಂದು ಪದ್ಧತಿಯಿಂದ ಹೊರಡಬೇಕು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮಲ್ಲಿ ಜಾತಿಮತಗಳನ್ನು ಮೀರಿದ ಕಟ್ಟಲೆ. ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳನ್ನು ಕುರಿತು 1942ರಲ್ಲಿ ಪ್ರಕಟಿಸಿದ ತಮ್ಮ ಮೊದಲ ಗ್ರಂಥದಲ್ಲಿ ಇಂತಹ ಆಚಾರಗಳನ್ನು ಶ್ರದ್ಧೆಯಿಂದ ದಾಖಲಿಸಿದ್ದಾರೆ. ಅತ್ತೆಮನೆಯ ದುಡಿತದಿಂದ ಬಿಡುವು, ಹೆತ್ತವಳ ಆರೈಕೆ, ಇವು ಸಾಮಾನ್ಯವಾಗಿ ಹೇಳುವ ಕಾರಣಗಳು. ಯಾರೂ ಉದ್ದೇಶಿಸದ ಇನ್ನೊಂದು ಫಲವೂ ಇದಕ್ಕಿದ್ದಿತೆಂದು ನನ್ನ ಅಭಿಪ್ರಾಯ. ಆಗಿನ ಹೆಣ್ಣುಮಕ್ಕಳ ಗೆಳೆತನಕ್ಕೆ ಆಯುಸ್ಸೆಷ್ಟು? ಎಂಟು ವರ್ಷ ತುಂಬದ ಹುಡುಗಿಯ ಮದುವೆ ಕೂಡದೆಂದು ಮೈಸೂರು ಸಂಸ್ಥಾನ 1894ರಲ್ಲಿ ಶಾಸನ ಮಾಡಬೇಕಾಯಿತು ಎಂದರೆ ಓದುಗರು ಊಹಿಸಬಹುದು. ಕುಂಟಾಬಿಲ್ಲೆಯ ಜೊತೆಗಾತಿಯರು ಹತ್ತು ಹನ್ನೆರಡಕ್ಕೇ ದಿಕ್ಕಿಗೊಬ್ಬರಾಗುತ್ತಿದ್ದರು. ಐದಾರು ವರ್ಷಗಳ ಮೇಲೆ ಅವರನ್ನು ಮತ್ತೆ ಅದೇ ಬೀದಿಗೆ, ತಿಂಗಳುಗಟ್ಟಲೆ ತಂದು ಕೂಡಿಸುತ್ತಿದ್ದುದು ಈ ಹೆರಿಗೆಯೊಂದೇ. ಒಂದೇ ಮನೆಯಲ್ಲಿ ಇಬ್ಬರು ಬಸುರಿಯರು ಇರಬಾರದೆಂಬ ನಂಬಿಕೆ ಹಲವೆಡೆ ಉಂಟು. ಪಕ್ಕದ ಮನೆಯ ವಿಚಾರವಾಗಿ ಮಾತ್ರ ಹಿರಿಯರು ಏನನ್ನೂ ವಿಧಿಸಿದಂತೆ ಕಾಣೆ!

ನನ್ನ ಅಜ್ಜಿಯ ತವರು ಜಂಗಮಕೋಟೆ. ಶಿಡ್ಲಘಟ್ಟ ತಾಲ್ಲೂಕಿನ ಈ ಊರು 2007ರಲ್ಲಿ ಹೊಸ ಜಿಲ್ಲೆಯಾಗುವವರೆಗೆ ಕೋಲಾರಕ್ಕೆ ಸೇರಿದ್ದಿತು, ಈಗ ಚಿಕ್ಕಬಳ್ಳಾಪುರಕ್ಕೆ. ಬೀದಿಯಲ್ಲಿ ಕನ್ನಡ, ಹಿತ್ತಲಲ್ಲಿ ತೆಲುಗು, ಸುತ್ತ ಹಿಪ್ಪುನೇರಳೆ. ಎರಡನೆಯ ಮಹಾಯುದ್ಧದ ಕಾಲ. ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ಮೈಸೂರು ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂದಿದ್ದ ದಿನಗಳು. ಅಜ್ಜಿಯೂ ಆಕೆಯ ಬಾಲ್ಯದ ಗೆಳತಿಯೂ ಆಗ ಚೊಚ್ಚಲ ಬಸುರಿಯರಾಗಿ ತವರಿಗೆ ಬಂದರು. ನಡುವೆ ಒಂದು ಹಿತ್ತಲು. ಬೀಸುವ ಕಲ್ಲಿನ ಎರಡು ಕಡೆ ಕುಳಿತು ರಾಗಿ ಬೀಸುತ್ತ, ಒಬ್ಬಳಿಗೆ ಗಂಡು ಮತ್ತೊಬ್ಬಳಿಗೆ ಹೆಣ್ಣಾದರೆ ಬೀಗಿತ್ತಿಯರಾಗೋಣವೆಂದು ಮಾತು ಕೊಟ್ಟುಕೊಂಡರಂತೆ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನವನ್ನು ಓದಿದವರಿಗೆ ಈ ಬೀಸುವ ಕಲ್ಲಿನ ಮಹಿಮೆಯನ್ನು ಹೇಳಬೇಕಾಗಿಲ್ಲ. ಬಡಗಣದ ಗರತಿಯರು ಬಯಕೆಯನ್ನೂ ತವರನ್ನೂ ತೊಟ್ಟಿಲನ್ನೂ ಅಲ್ಲಿಯೇ ಹಾಡಾಗಿಸಿದರು. ನಮ್ಮ ಅಜ್ಜಿಯ ಹಾಡುಗಳಲ್ಲಿ ಅರ್ಧ ತೆಲುಗು. ಅವನ್ನು ಬರೆದುಕೊಳ್ಳಲು ಜಂಗಮಕೋಟೆಗೆ ಯಾವ ಗೆಳೆಯರ ಗುಂಪೂ ಬರಲಿಲ್ಲ.

ಅಜ್ಜಿ ಹೆಣ್ಣು ಹೆತ್ತಳು. ಅದು ನನ್ನ ದೊಡ್ಡಮ್ಮ. ಹದಿನೈದು ದಿನಗಳ ಮೇಲೆ ಗೆಳತಿಗೆ ಗಂಡು. ಗೆಳತಿಯ ಮನೆಯಲ್ಲಿ ಹುಳು ಸಾಕಿದ್ದರು. ಬಾಣಂತಿಗೆ ಹಾಕುವ ಸಾಂಬ್ರಾಣಿಯ ಹೊಗೆ ಹುಳುವಿಗೆ ಆಗದು. ಆದ್ದರಿಂದ ಆಕೆಯ ಹಾಸಿಗೆಯನ್ನು ಮನೆಯ ಹಿಂದಿನ ಕೋಣೆಗೆ ಸಾಗಿಸಿದರು. ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ವಾರದಷ್ಟು ಕಾಲ ಅದಕ್ಕೆ ತೀರದ ಹಸಿವು. ಹುಟ್ಟಿದಂದಿನಿಂದ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಮಿಗಿಲಾದುದನ್ನು ಆ ಒಂದು ವಾರದಲ್ಲಿ ತಿನ್ನುತ್ತದೆ. ಹಗಲು ರಾತ್ರಿ ಸೊಪ್ಪು ತರುವುದು, ಹಾಕುವುದು, ಹಿಕ್ಕೆ ಬಳಿಯುವುದು. ಮನೆಮಂದಿಯಲ್ಲಿ ಒಬ್ಬರ ಕೈಗೂ ಬಿಡುವಿಲ್ಲ. ಅವರನ್ನು ಬಯ್ಯುವಂತಿಲ್ಲ, ವರ್ಷದ ಸಾಲ ತೀರಬೇಕಾದುದು ಆ ಗೂಡಿನಿಂದ. ಹಿಂದಿನ ಕೋಣೆಯಲ್ಲಿ ಹದಿನೇಳರ ಬಾಣಂತಿ ಒಂಟಿಯಾಗಿದ್ದಳು. ನಿದ್ದೆ ಹಾರಿತು. ಕೂಸನ್ನು ಕಂಡರೆ ಮುಖ ತಿರುವತೊಡಗಿದಳು. ಬಾವಿ ತನ್ನನ್ನು ಕರೆಯುತ್ತಿದೆ ಎಂದಳಂತೆ.

ನಮ್ಮ ಹಳ್ಳಿಗಳು ಇದನ್ನು ‘ಬಾಣಂತಿ ಸನ್ನಿ’ ಎಂದು ಕರೆದವು, ಮಂತ್ರವಾದಿಗೆ ಹೇಳಿಕಳುಹಿಸಿದವು. ಅಜ್ಜಿ ನಲವತ್ತು ದಿನ ಹೊಸ್ತಿಲು ದಾಟಬಾರದಾದ ಬಾಣಂತಿ. ದಾಟಿದಳು. ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಹಿತ್ತಲ ಬಾಗಿಲಿನಿಂದ, ರಾತ್ರಿ ರಾತ್ರಿ. ಒಂದು ಮಗ್ಗುಲಿಗೆ ತನ್ನ ಕೂಸು, ಇನ್ನೊಂದು ಮಗ್ಗುಲಿಗೆ ಗೆಳತಿಯ ಕೂಸು, ಎರಡಕ್ಕೂ ಹಾಲೂಡಿದಳು. ಏನು ಹೇಳಿ ಸಮಾಧಾನಪಡಿಸುತ್ತಿದ್ದೆ ಎಂದು ನಾನು ಕೇಳಿದ್ದುಂಟು. ‘ಹೇಳೋದೇನು, ನಂಗೂ ಹಂಗೇ ಆಗ್ತೈತೆ ಅಂದೆ’ ಎಂದಳು. ಒಂದೂವರೆ ತಿಂಗಳಿಗೆ ಗೆಳತಿ ತಾನಾಗಿ ಕೂಸನ್ನು ಎತ್ತಿಕೊಂಡಳು. ಎಲ್ಲ ಸನ್ನಿಯೂ ಹೀಗೆ ಗೆಳತಿಯ ಮಾತಿಗೆ ಇಳಿಯುವುದೆಂದು ನಾನು ಹೇಳುತ್ತಿಲ್ಲ. ಅದು ವೈದ್ಯರು ನೋಡಬೇಕಾದ ಕಾಯಿಲೆ. ಅಜ್ಜಿಯ ಮನೆಯಲ್ಲಿ ಮಾತ್ರ ದೊಡ್ಡಮ್ಮನ ಬಾಲ್ಯದ ಪ್ರತಿಯೊಂದು ನೆಗಡಿಗೂ ಆ ಹೊಸ್ತಿಲು ದಾಟಿದ್ದೇ ಕಾರಣವೆಂದು ಬಹಳ ಕಾಲ ಹೇಳಿದರು.

ಅಂತಹ ಜೊತೆ ಸಿಕ್ಕದಿದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡಿಗರಿಗೆ ತೋರಿಸಿಕೊಟ್ಟವರು ತ್ರಿವೇಣಿ. ಮನಶ್ಶಾಸ್ತ್ರ ಓದಿದ್ದ ಆ ಲೇಖಕಿಯ ‘ಶರಪಂಜರ’ದ ಕಾವೇರಿ ಬಾಣಂತನದಲ್ಲಿ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಬರುತ್ತಾಳೆ, ಗುಣವಾದವಳನ್ನು ಮನೆ ಮತ್ತು ನೆರೆಹೊರೆ ಸೇರಿ ಮತ್ತೆ ಕೆಡಿಸುತ್ತವೆ. 1971ರ ಪುಟ್ಟಣ್ಣ ಕಣಗಾಲರ ಚಿತ್ರವನ್ನು ಹಿರಿಯ ಓದುಗರು ಮರೆತಿರಲಾರರು. ತ್ರಿವೇಣಿಯವರೇ 1963ರಲ್ಲಿ, ಹೆರಿಗೆಯಾದ ಹತ್ತು ದಿನಕ್ಕೆ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಕೂಸನ್ನು ತಾಯಿಯಿಂದ ಬೇರ್ಪಡಿಸದೆ ಇಬ್ಬರನ್ನೂ ಕೂಡಿಯೇ ದಾಖಲು ಮಾಡಿಕೊಳ್ಳುವ ವಿಭಾಗವನ್ನು ತೆರೆದುದು 2009ರಲ್ಲಿ. ಹಿಂದಿನ ಕೋಣೆಯ ಆ ಹದಿನೇಳರ ಹುಡುಗಿಗೆ ಅರುವತ್ತು ವರ್ಷಕ್ಕೂ ಹೆಚ್ಚು ತಡವಾಗಿ.

ಹಳೆಯ ಕಾಲವೇ ಚೆನ್ನಾಗಿತ್ತು ಎಂಬ ಹಾಡು ನನ್ನದಲ್ಲ. 2019-20ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2018-20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಗಳಿಗೆ ಸತ್ತ ತಾಯಂದಿರು 69. ಅಜ್ಜಿಯ ಕಾಲದ ಬೀದಿಯೊಂದರಲ್ಲಿ ಹೆರಿಗೆಯಲ್ಲಿ ಸತ್ತವರನ್ನು ಆಕೆ ಬೆರಳು ಮಡಿಸಿ ಎಣಿಸುತ್ತಿದ್ದಳು, ಎರಡು ಕೈಯೂ ಬೇಕಾಗುತ್ತಿತ್ತು. ಆದರೆ ಆಸ್ಪತ್ರೆ ಮೂರು ದಿನಕ್ಕೆ ಮನೆಗೆ ಕಳುಹಿಸುತ್ತದೆ. ಆಮೇಲಿನ ರಾತ್ರಿಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. 2017ರ ಅಕ್ಟೋಬರ್ 2ರಂದು ಸರ್ಕಾರ ‘ಮಾತೃಪೂರ್ಣ’ ಯೋಜನೆಯನ್ನು ತಂದು, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟವಿಟ್ಟಿತು. ಉದ್ದೇಶ ಪೌಷ್ಟಿಕತೆ. ಮನೆಮನೆಯ ಬಸುರಿಯರು ಒಂದೇ ಪಂಕ್ತಿಯಲ್ಲಿ ಕೂರುವಂತಾದುದು, ತವರಿನ ಪದ್ಧತಿಯಲ್ಲಾದಂತೆಯೇ, ಯಾರೂ ಯೋಜಿಸದ ಫಲ. ಹಸಿ ಬಾಣಂತಿ ಮನೆಯಿಂದ ಹೊರಡುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಯೂ ಎದ್ದಿತು, ಹಳೆಯ ಹೊಸ್ತಿಲೇ!

ಬೀಗತನದ ಮಾತು ಏನಾಯಿತೆಂದು ಓದುಗರು ಕೇಳಬಹುದು. ದೊಡ್ಡಮ್ಮನಿಗೆ ಹದಿನೆಂಟಾದಾಗ ಗೆಳತಿ ನೆನಪಿಟ್ಟುಕೊಂಡು ಎಲೆ ಅಡಿಕೆ ಹಿಡಿದು ಬಂದಳು. ಹಿರಿಯರು ಒಪ್ಪಲಿಲ್ಲ. ಒಂದೇ ಎದೆಯ ಹಾಲು ಕುಡಿದವರು ಅಣ್ಣತಂಗಿಯಾದರಲ್ಲ, ಮದುವೆ ಹೇಗೆ? ಆತ ಬದುಕಿರುವ ತನಕ ಪ್ರತಿ ಗೌರಿಹಬ್ಬಕ್ಕೂ ದೊಡ್ಡಮ್ಮನಿಗೆ ಬಾಗಿನ ತಂದು ಕೊಟ್ಟ.