ಅಪ್ಪ-ಅಮ್ಮನನ್ನು ಲಡಾಖ್‌ಗೆ ಕರೆದೊಯ್ಯುವ ಮುನ್ನ

ಮೇ ರಜೆ ಹತ್ತಿರವಾದಂತೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಮನೆಗಳಲ್ಲಿ ಲಡಾಖ್ ಪ್ರವಾಸದ ಮಾತು ಶುರುವಾಗುತ್ತದೆ. ನಿವೃತ್ತರಾದ ಅಪ್ಪ-ಅಮ್ಮ, ಅತ್ತೆ-ಮಾವ ಕೂಡ ಗ್ರೂಪ್ ಟೂರ್‌ನಲ್ಲಿ ಹೊರಡುತ್ತಾರೆ. ಮುಂಗಡ ಹಣ ಕಟ್ಟುವ ಮೊದಲು, ಟೂರ್‌ನವರು ಕೊಟ್ಟ ದಿನವಾರು ಕಾರ್ಯಕ್ರಮದಲ್ಲಿ ಒಂದು ವಿಷಯ ನೋಡಿಕೊಳ್ಳಿ: ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ? ಎತ್ತರದ ಕಾಯಿಲೆ ಬರುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ.

ನಮ್ಮ ಈ ಊರುಗಳು ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಮೇಲಿವೆ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿಯ ಮೇಲೆ ಕರ್ನಾಟಕದ ಮುಳ್ಳಯ್ಯನಗಿರಿಯನ್ನು ಇಟ್ಟರೆ ಹೆಚ್ಚುಕಡಿಮೆ ಲೇಹ್ ಪೇಟೆಯ ಎತ್ತರವಾಗುತ್ತದೆ. ವಿಮಾನ ಇಷ್ಟನ್ನೂ ಮೂರು ಗಂಟೆಯೊಳಗೆ ಏರಿಸಿಬಿಡುತ್ತದೆ. ಅಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಇಲ್ಲಿಯಷ್ಟೇ ಇರುತ್ತದೆ, ಆದರೆ ಗಾಳಿಯ ಒತ್ತಡ ಇಲ್ಲಿಯದರ ಮೂರನೇ ಎರಡರಷ್ಟು ಮಾತ್ರ. ಹಾಗಾಗಿ ಪ್ರತಿ ಉಸಿರಿನಲ್ಲೂ ಸಿಗುವ ಆಮ್ಲಜನಕ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ದಿನಗಳು ಬೇಕು.

ಲೇಹ್ ತಲುಪಿದ ಮೊದಲ 48 ಗಂಟೆ ಹೋಟೆಲಿನಲ್ಲೇ ವಿಶ್ರಾಂತಿ ಎಂದು ಕಾರ್ಯಕ್ರಮದಲ್ಲಿ ಬರೆದಿರಬೇಕು. ಹಿರಿಯರಿದ್ದರೆ ಇನ್ನೊಂದು ದಿನ ಸೇರಿಸಿ. "ಮೊದಲ ದಿನ ಲೋಕಲ್ ಸೈಟ್‌ಸೀಯಿಂಗ್, ಎರಡನೇ ದಿನ ಖಾರ್ದುಂಗ್ ಲಾ" ಎಂದಿದ್ದರೆ ಬದಲಿಸಲು ಹೇಳಿ, ಆಗದು ಎಂದರೆ ಬೇರೆ ಟೂರ್ ನೋಡಿ. ಸಮಯವಿದ್ದರೆ ಶ್ರೀನಗರ (ಸುಮಾರು 1,600 ಮೀಟರ್), ಕಾರ್ಗಿಲ್ (ಸುಮಾರು 2,700) ಮೂಲಕ ರಸ್ತೆಯಲ್ಲಿ ಏರುವುದು ದೇಹಕ್ಕೆ ಹಗುರ. ಮನಾಲಿಯ ದಾರಿಯಲ್ಲಿ ಸರ್ಚುವಿನಲ್ಲಿ ತಂಗುವ ಏರ್ಪಾಡಿದ್ದರೆ ಎಚ್ಚರ. ಅದು ಲೇಹ್‌ಗಿಂತಲೂ ಎತ್ತರ, 4,200 ಮೀಟರಿಗೂ ಮೇಲೆ.

ಗ್ಯಾಸ್ ಅಲ್ಲ, ಎತ್ತರ

ತಲುಪಿದ ದಿನ ಸಂಜೆಯೋ ರಾತ್ರಿಯೋ ತಲೆನೋವು ಶುರುವಾಗುತ್ತದೆ. ಜೊತೆಗೆ ವಾಕರಿಕೆ, ಊಟ ಬೇಡವೆನ್ನಿಸುವುದು, ಸುಸ್ತು, ತಲೆಸುತ್ತು. ನಮ್ಮಲ್ಲಿ ಇದನ್ನು ಗ್ಯಾಸ್, ಪಿತ್ತ, ಪ್ರಯಾಣದ ಆಯಾಸ ಎಂದು ತಳ್ಳಿಹಾಕುವುದೇ ಹೆಚ್ಚು. ಎತ್ತರದ ಊರಿನಲ್ಲಿ ಇದನ್ನು, ಬೇರೆ ಕಾರಣ ಖಚಿತವಾಗುವವರೆಗೆ, ಎತ್ತರದ ಕಾಯಿಲೆ ಎಂದೇ ತಿಳಿಯಿರಿ. ದಿನಾ ಜಿಮ್‌ಗೆ ಹೋಗುವ ಮಗನಿಗೆ ಬಂದು ಎಪ್ಪತ್ತರ ಅಪ್ಪನಿಗೆ ಬಾರದೆಯೂ ಇರಬಹುದು, ದೇಹದಾರ್ಢ್ಯ ಇದರಿಂದ ಕಾಪಾಡುವುದಿಲ್ಲ. ಲಕ್ಷಣ ಸಣ್ಣದಿದ್ದರೆ ವಿಶ್ರಾಂತಿ, ನೀರು, ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಲಕ್ಷಣ ಪೂರ್ತಿ ಹೋಗುವವರೆಗೆ ಇನ್ನೂ ಮೇಲಕ್ಕೆ ಹೋಗಬಾರದು. ಮದ್ಯ, ನಿದ್ರೆಮಾತ್ರೆ ಬೇಡ.

ಜೊತೆಗಿರುವ ನೀವು ಕಾಯಬೇಕಾದದ್ದು ಎರಡು ಅಪಾಯಗಳನ್ನು. ಒಂದು ಮಿದುಳಿನ ಊತ: ಮಾತು ತೊದಲುವುದು, ಗೊಂದಲ, ಅತಿಯಾದ ಮಂಪರು. ಅನುಮಾನ ಬಂದರೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲು ಹೇಳಿ, ತೂರಾಡಿದರೆ ತಡಮಾಡಬೇಡಿ. ಇನ್ನೊಂದು ಶ್ವಾಸಕೋಶದಲ್ಲಿ ನೀರು ತುಂಬುವುದು: ಕುಳಿತಲ್ಲೇ ಏದುಸಿರು, ಮಲಗಲಾಗದಿರುವುದು, ನೀಲಿಗಟ್ಟಿದ ತುಟಿ, ಗುಲಾಬಿ ನೊರೆಯ ಕಫ. ಒಣಹವೆಗೆ ಬರುವ ಒಣಕೆಮ್ಮು ಅಲ್ಲಿ ಎಲ್ಲರಿಗೂ ಸಾಮಾನ್ಯ, ಆದರೆ ಕೆಮ್ಮಿನ ಜೊತೆ ಕುಳಿತಲ್ಲೇ ಉಸಿರು ಕಟ್ಟಿದರೆ ಅದು ಸಾಮಾನ್ಯವಲ್ಲ. ಎರಡಕ್ಕೂ ಮದ್ದು ಆಮ್ಲಜನಕ, ಆಸ್ಪತ್ರೆ ಮತ್ತು ಕೆಳಗಿಳಿಯುವುದು. ಬೆಳಗಾಗಲಿ ಎಂದು ಕಾಯಬಾರದು. ಲೇಹ್‌ನಲ್ಲಿ ಎಸ್‌ಎನ್‌ಎಂ ಸರ್ಕಾರಿ ಆಸ್ಪತ್ರೆ ಇದೆ. ಅಂಗಡಿಯಲ್ಲಿ ಸಿಗುವ ಆಮ್ಲಜನಕದ ಪುಟ್ಟ ಡಬ್ಬಿ ಕೆಲವೇ ನಿಮಿಷದ್ದು, ಅದನ್ನು ನಂಬಿ ಕೂರಬೇಡಿ. ಆಕ್ಸಿಮೀಟರ್ ಕೂಡ ಅಷ್ಟಕ್ಕಷ್ಟೆ: ಲೇಹ್‌ನಲ್ಲಿ ಆರೋಗ್ಯವಂತರಿಗೂ 90ಕ್ಕಿಂತ ಕಡಿಮೆ ತೋರಿಸಬಹುದು, ಆದ್ದರಿಂದ ಅಂಕಿಗಿಂತ ಮನುಷ್ಯನನ್ನು ನೋಡಿ.

ಪ್ಯಾಂಗಾಂಗ್‌ನ ರಾತ್ರಿ

ಪ್ಯಾಂಗಾಂಗ್ ಸರೋವರ ಇರುವುದು 4,200 ಮೀಟರಿಗೂ ಮೇಲೆ. ಅಲ್ಲಿಂದ ಲೇಹ್‌ಗೆ ಇಳಿಯಬೇಕೆಂದರೆ ಮೊದಲು ಚಾಂಗ್ ಲಾ ಕಣಿವೆಮಾರ್ಗವನ್ನು ಹತ್ತಬೇಕು, ಅದು 5,300 ಮೀಟರಿಗೂ ಎತ್ತರ. ನಡುರಾತ್ರಿ ಉಸಿರು ಕಟ್ಟಿದವರನ್ನು ಇನ್ನೂ ಮೇಲಕ್ಕೆ ಒಯ್ಯಬೇಕಾದ ಸಂಕಟ ಇದು. ಅದಕ್ಕೇ ಹಿರಿಯರಿರುವ ಗುಂಪಿಗೆ ಅಲ್ಲಿನ ಟೆಂಟ್ ವಾಸ ಬೇಡ ಎನ್ನುತ್ತೇನೆ, ಫೋಟೋ ಎಷ್ಟೇ ಚೆನ್ನಾಗಿ ಬರಲಿ. ನುಬ್ರಾ ಕಣಿವೆ ಲೇಹ್‌ಗಿಂತ ತಗ್ಗಿನಲ್ಲಿದೆ, ದಿಸ್ಕಿತ್‌ನಲ್ಲಿ ಆಸ್ಪತ್ರೆಯೂ ಇದೆ. ಲೇಹ್‌ನ ವಿಶ್ರಾಂತಿಯ ನಂತರ ರಾತ್ರಿ ತಂಗಲು ಅದು ಮೇಲು. ದಾರಿಯಲ್ಲಿ ಖಾರ್ದುಂಗ್ ಲಾ ದಾಟುವಾಗ ಹೆಚ್ಚು ಹೊತ್ತು ನಿಲ್ಲಬೇಡಿ.

ಹೊರಡುವ ತಿಂಗಳ ಮೊದಲೇ ವೈದ್ಯರನ್ನು ಕಾಣಿ. ಹತೋಟಿಯಲ್ಲಿರುವ ಬಿಪಿ, ಸಕ್ಕರೆ ಕಾಯಿಲೆ, ಅಸ್ತಮಾ ಇರುವ ಅನೇಕರು ವೈದ್ಯರ ಒಪ್ಪಿಗೆ ಪಡೆದು ಹೋಗಬಹುದು. ಇತ್ತೀಚೆಗೆ ಹೃದಯಾಘಾತವಾದವರು, ಹೃದಯ ವೈಫಲ್ಯ ಅಥವಾ ತೀವ್ರ ಸಿಒಪಿಡಿ ಇರುವವರು, ಸಿಕಲ್ ಸೆಲ್ ಕಾಯಿಲೆಯವರು ಹೋಗದಿರುವುದೇ ಒಳ್ಳೆಯದು. ಕಲ್ಯಾಣ್ ಸ್ಟೇಷನ್ನಿನ ಸೇತುವೆ ಹತ್ತುವಾಗ ಅಪ್ಪನಿಗೆ ಎದೆ ಹಿಡಿದಂತಾಗುತ್ತದೆ ಎಂದಾದರೆ ಮೊದಲು ಹೃದಯದ ಪರೀಕ್ಷೆ, ಟಿಕೆಟ್ ಆಮೇಲೆ.

ಎತ್ತರದ ಕಾಯಿಲೆ ತಡೆಯಲು ಅಸೆಟಾಜೋಲಮೈಡ್ ಮಾತ್ರೆ ಇದೆ. ವಯಸ್ಕರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, ಹೊರಡುವ ಹಿಂದಿನ ದಿನದಿಂದ ಕೊಡುತ್ತಾರೆ. ಬೆರಳು ಜುಮ್ಮೆನ್ನುವುದು, ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು ಇದರಿಂದ ಸಹಜ. ಸಲ್ಫಾ ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಪಕ್ಕದ ಮನೆಯವರು ಉಳಿಸಿಕೊಂಡ ಮಾತ್ರೆಯನ್ನು ತೆಗೆದುಕೊಳ್ಳಬೇಡಿ.

ದಿನನಿತ್ಯದ ಔಷಧಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಉಪಯೋಗವಿಲ್ಲ. ರಾತ್ರಿ ಅದನ್ನು ಕಾರಿನಲ್ಲಿ ಬಿಡದೆ, ಹಾಸಿಗೆಯಲ್ಲಿ ನಿಮ್ಮ ಪಕ್ಕದಲ್ಲೇ ಬೆಚ್ಚಗೆ ಇಟ್ಟುಕೊಳ್ಳಿ.