ಅಲಮೀಡದ ಕ್ರೇನು

ಹಡಗಿನ ವ್ಯಾಪಾರದಲ್ಲಿ ಬಹುಕಾಲ ಸಮುದ್ರವನ್ನು ದಾಟುವುದಕ್ಕಿಂತ ದಡವನ್ನು ದಾಟುವುದೇ ಪ್ರಯಾಸವಾಗಿದ್ದಿತು. ಮೂಟೆ, ಪೀಪಾಯಿ, ಪೆಟ್ಟಿಗೆ, ದಿಮ್ಮಿ ಇವೆಲ್ಲವನ್ನೂ ಹಮಾಲರು ಹೊತ್ತು ತಂದು, ಬಲೆಯಲ್ಲಿ ಕಟ್ಟಿ, ಹಡಗಿನ ರಾಟೆಗಳಿಂದ ಏರಿಸಿ, ಅದರ ಒಡಲೊಳಗೆ ಒಂದೊಂದಾಗಿ ಜೋಡಿಸಬೇಕಾಗಿದ್ದಿತು. ಹಡಗು ಧಕ್ಕೆಯಲ್ಲಿ ದಿನಗಟ್ಟಲೆ ಕಟ್ಟಿಬಿದ್ದಿರುತ್ತಿದ್ದಿತು. ಹಮಾಲರ ಬೆನ್ನು ಬಾಗುತ್ತಿದ್ದುದು ಈ ಕೆಲಸದಿಂದಲೇ. ಅವರ ಮನೆಯ ಒಲೆ ಉರಿಯುತ್ತಿದ್ದುದೂ ಇದರಿಂದಲೇ.

1956ನೆಯ ಇಸವಿ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನನೆಂಬ ಅಮೆರಿಕದ ಲಾರಿವರ್ತಕನು 'ಐಡಿಯಲ್ ಎಕ್ಸ್' ಎಂಬ ಹಡಗಿನಲ್ಲಿ 58 ಲೋಹದ ಪೆಟ್ಟಿಗೆಗಳನ್ನು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದನು. ಇದೇ ಕಂಟೇನರು ಸಾಗಣೆಯ ಪ್ರಸಿದ್ಧವಾದ ಆರಂಭವು. ಅಂದು ಕ್ರೇನು ಒಂದು ಪೆಟ್ಟಿಗೆಯನ್ನು ಏರಿಸಲು ಸುಮಾರು 7 ನಿಮಿಷ ಹಿಡಿಯಿತು. ಆದರೆ ಪೆಟ್ಟಿಗೆಗೂ ಕ್ರೇನಿಗೂ ಇರುವ ಸಂಬಂಧವು ಅಂಧಪಂಗುನ್ಯಾಯದ್ದು. ಎತ್ತುವ ಯಂತ್ರವಿಲ್ಲದೆ ಪೆಟ್ಟಿಗೆಯು ಕುಂಟು. ಅಳತೆ ಗೊತ್ತಾದ ಪೆಟ್ಟಿಗೆಯಿಲ್ಲದೆ ಯಂತ್ರವು ಕುರುಡು. ಪೆಟ್ಟಿಗೆಗಾಗಿಯೇ ಹುಟ್ಟಿದ ಯಂತ್ರವು ಬೇಕಾಯಿತು.

ಅದನ್ನು ಮಾಡಿಸಿದವರು ಹವಾಯಿ ದ್ವೀಪಗಳೊಡನೆ ವ್ಯಾಪಾರ ನಡೆಸುತ್ತಿದ್ದ ಮ್ಯಾಟ್ಸನ್ ಕಂಪೆನಿಯವರು. ತಿರುಗುವ ತೋಳಿನ ಹಳೆಯ ಕ್ರೇನು ಅವರಿಗೆ ಒಪ್ಪಿಗೆಯಾಗಲಿಲ್ಲ. ತೋಳು ಸುತ್ತಿದಾಗ ತುದಿಯ ಭಾರವೂ ಬೀಸಿಕೊಂಡು ಹೋಗುವುದು; ಅದನ್ನು ನೆಟ್ಟಗೆ ಇಳಿಸುವುದು ದುಸ್ಸಾಧ್ಯ. ಆದುದರಿಂದ ಧಕ್ಕೆಯ ಕಂಬಿಗಳ ಮೇಲೆ ಉಕ್ಕಿನ ದೊಡ್ಡ ಚೌಕಟ್ಟನ್ನು ನಿಲ್ಲಿಸಿ, ಅದರಿಂದ ನೀರಿನ ಮೇಲಕ್ಕೆ ಉದ್ದವಾದ ತೊಲೆಯನ್ನು ಚಾಚಿದರು. ತೊಲೆಯಡಿಯಲ್ಲಿ ಗಾಡಿಯೊಂದು ದಡದಿಂದ ಹಡಗಿಗೂ ಹಡಗಿನಿಂದ ದಡಕ್ಕೂ ನೇರವಾಗಿ ಓಡುವುದು. ಹಡಗು ಬಂದು ನಿಲ್ಲುವಾಗ ತಗಲದಂತೆ ತೊಲೆಯನ್ನು ಮೇಲಕ್ಕೆ ಮಡಿಸಬಹುದು. ಚಾಚಿದ ತೊಲೆಯ ತುದಿಗೆ ಭಾರವು ಸರಿದಷ್ಟೂ ಯಂತ್ರವನ್ನು ಮುಂದಕ್ಕೆ ಉರುಳಿಸುವ ಬಲವು ಹೆಚ್ಚುವುದಷ್ಟೆ. ಇದಕ್ಕೆ ಪ್ರತಿಯಾಗಿ ಚೌಕಟ್ಟಿನ ಕಾಲುಗಳ ಅಗಲ, ಹಿಂಭಾಗದ ತೂಕ, ಎಳೆದು ಹಿಡಿಯುವ ಸರಳು ಇವನ್ನೆಲ್ಲ ಲೆಕ್ಕಹಾಕಿ ಕಟ್ಟಬೇಕು. ಗಾಳಿಯ ಒತ್ತಡವನ್ನೂ ಮರೆಯಲಾಗದು.

ಇನ್ನೊಂದು ತೊಡಕೂ ಉಂಟು. ಹಗ್ಗಕ್ಕೆ ತೂಗಿದ ಪೆಟ್ಟಿಗೆಯು ಲೋಲಕದಂತೆ ಆಡುವುದು. ಆಟ ನಿಲ್ಲುವವರೆಗೆ ಕಾದರೆ ಯಂತ್ರದ ವೇಗದಿಂದ ಫಲವೇನು? ಮ್ಯಾಟ್ಸನ್ನಿನ ಎಂಜಿನಿಯರಾದ ಲೆಸ್ ಹಾರ್ಲಾಂಡರನು ಮಗನ ಆಟಿಕೆಯ ತುಂಡುಗಳಿಂದ ಮಾದರಿಯನ್ನು ಕಟ್ಟಿ ಪರೀಕ್ಷಿಸಿ, ಈ ಓಲಾಟವನ್ನು ಅಡಗಿಸುವ ಉಪಾಯವನ್ನು ಸಿದ್ಧಪಡಿಸಿದನು. ಪೆಟ್ಟಿಗೆಯ ನಾಲ್ಕು ಮೂಲೆಗಳನ್ನು ಹಿಡಿಯುವ ಚೌಕಟ್ಟನ್ನು ಹಗ್ಗದ ತುದಿಗೆ ಕಟ್ಟಿದುದರಿಂದ, ಪೆಟ್ಟಿಗೆಯ ಮೇಲೆ ಹತ್ತಿ ಕೊಂಡಿ ಹಾಕುವ ಆಳೂ ಬೇಕಾಗಲಿಲ್ಲ.

1959ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಲಮೀಡದಲ್ಲಿ, ಪೆಸಿಫಿಕ್ ಕೋಸ್ಟ್ ಎಂಜಿನಿಯರಿಂಗ್ ಕಂಪೆನಿಯವರು ನಿರ್ಮಿಸಿದ ಈ ಕ್ರೇನು ಕೆಲಸಕ್ಕೆ ತೊಡಗಿತು. 3 ನಿಮಿಷಕ್ಕೊಮ್ಮೆ 40,000 ಪೌಂಡಿನ ಪೆಟ್ಟಿಗೆ. ಗಂಟೆಗೆ 400 ಟನ್ನು. ಹಡಗಿನ ರಾಟೆಗಳಿಂದ ದುಡಿಯುವ ಹಮಾಲರ ತಂಡದ ಕೆಲಸಕ್ಕೆ ಇದು 40 ಪಾಲಿಗೂ ಮಿಗಿಲು. ಇಂದಿನ ಬಂದರುಗಳ ಮಹಾಯಂತ್ರಗಳು ಗಾತ್ರದಲ್ಲಿ ಇದನ್ನು ಬಹಳ ಮೀರಿದ್ದರೂ, ಅವುಗಳ ಆಕೃತಿಯು ಇದರದೇ.

ಹಾಗಾದರೆ 40 ಪಾಲಿನ ಜನರ ಗತಿಯೇನು? ಆ ತೀರದ ಕೂಲಿಗಾರರ ಸಂಘವು ಹ್ಯಾರಿ ಬ್ರಿಡ್ಜಸನ ಮುಂದಾಳುತನದಲ್ಲಿ ಈ ಪ್ರಶ್ನೆಯನ್ನು ಎದುರಿಸಿತು. ಯಂತ್ರವನ್ನು ತಡೆಯಲಾಗದು, ಅದರ ಲಾಭದಲ್ಲಿ ಪಾಲು ಕೇಳಬಹುದೆಂದು ಅದು ಬಗೆಯಿತು. 1960ರ ಅಕ್ಟೋಬರಿನಲ್ಲಿ ಆದ ಒಪ್ಪಂದದಂತೆ ಒಡೆಯರು ವರ್ಷಕ್ಕೆ 50 ಲಕ್ಷ ಡಾಲರುಗಳನ್ನು ಕೂಲಿಗಾರರ ನಿಧಿಗೆ ಕೊಡಲು ಒಪ್ಪಿದರು. ದಾಖಲೆಯಲ್ಲಿದ್ದ ಕಾಯಂ ಕೆಲಸಗಾರರನ್ನು ಯಂತ್ರದ ಕಾರಣದಿಂದ ತೆಗೆದುಹಾಕಕೂಡದೆಂದೂ, ವೃದ್ಧರು ಹಣ ಪಡೆದು ನಿವೃತ್ತರಾಗಬಹುದೆಂದೂ ಗೊತ್ತಾಯಿತು.

ಆ ಒಪ್ಪಂದವು ಅಂದಿನ ತಲೆಮಾರನ್ನು ಕಾಯಿತು. ಮುಂದಿನವರಿಗೆ ಆ ಉದ್ಯೋಗವನ್ನು ಉಳಿಸಿಕೊಡಲಾರದೆ ಹೋಯಿತು. ಕಂಟೇನರುಗಳನ್ನು ಇಡಲು ವಿಶಾಲವಾದ ಬಯಲಿದ್ದ ಓಕ್ಲೆಂಡು ಕೊಲ್ಲಿಯ ಆಚೆಯ ದಡದಲ್ಲಿ ಬೆಳೆಯಿತು. ಸ್ಯಾನ್ ಫ್ರಾನ್ಸಿಸ್ಕೊದ ಹಳೆಯ ಧಕ್ಕೆಗಳು ಒಂದೊಂದಾಗಿ ಬರಿದಾದುವು. ಆದರೂ ಭಾರವನ್ನು ಬೆನ್ನಿನಿಂದ ಇಳಿಸುವಾಗ ಬೆನ್ನಿನವನ ಹೊಟ್ಟೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ನಿದರ್ಶನಗಳು ಯಂತ್ರಗಳ ಚರಿತ್ರೆಯಲ್ಲಿ ವಿರಳ. ಅಲಮೀಡದ ಕ್ರೇನಿನೊಡನೆ ಆ ಒಪ್ಪಂದವನ್ನೂ ನೆನೆಯುವುದು ನ್ಯಾಯವಾಗಿದೆ.