ಗಂಡು ನಾಯಿಗೆ ಆಪರೇಷನ್ ಮಾಡಿಸಿದ್ರೆ ಸ್ವಭಾವ ಬದಲಾಗುತ್ತಾ?

ಬದಲಾಗುತ್ತೆ, ಆದರೆ ಪೂರ್ತಿ ಅಲ್ಲ. ಹೋರಿಯ ಬೀಜ ಒಡೆಸಿದರೆ ಸಾಧುವಾಗುತ್ತದೆ ಎಂದು ನಮ್ಮವರಿಗೆ ಗೊತ್ತು. ನಾಯಿಯಿಂದಲೂ ಅದನ್ನೇ ನಿರೀಕ್ಷಿಸುತ್ತಾರೆ. ಎಡವಟ್ಟಾಗೋದು ಅಲ್ಲೇ.

ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ವೃಷಣಗಳನ್ನು ತೆಗೆಯುವುದರಿಂದ ಟೆಸ್ಟೋಸ್ಟೆರಾನ್ ಹಾರ್ಮೋನ್ ಇಳಿಯುತ್ತದೆ. ಬೆದೆಗೆ ಬಂದ ಹೆಣ್ಣು ನಾಯಿ ಹಿಂದೆ ಊರೆಲ್ಲ ಅಲೆಯುವುದು, ಅದಕ್ಕಾಗಿ ಬೇರೆ ಗಂಡುಗಳ ಜೊತೆ ಕಚ್ಚಾಡುವುದು, ಅಂಗಡಿ ಶಟರ್‌ಗೆ, ಬೈಕ್ ಚಕ್ರಕ್ಕೆ ಕಾಲೆತ್ತುವುದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮರುದಿನವೇ ಅಲ್ಲ, ಕೆಲವು ವಾರ ಬೇಕು. ವರ್ಷಗಟ್ಟಲೆ ರೂಢಿಯಾದ ಚಾಳಿ ಉಳಿದುಕೊಳ್ಳಲೂಬಹುದು.

ಹೆದರಿ ಕಚ್ಚುವ ನಾಯಿ, ತಟ್ಟೆ ಹತ್ತಿರ ಹೋದರೆ ಗುರ್ ಎನ್ನುವ ನಾಯಿ, ಬೈಕ್ ಅಟ್ಟಿಸಿಕೊಂಡು ಬರೋ ನಾಯಿ, ಇವಕ್ಕೆಲ್ಲ ಆಪರೇಷನ್ ಒಂದೇ ಮದ್ದಲ್ಲ. ಅಂಜುಬುರುಕ ನಾಯಿಗೆ ಭಯ ಹೆಚ್ಚಾಗುವುದೂ ಉಂಟು. ನಿಮ್ಮ ನಾಯಿ ಹಾಗಿದ್ದರೆ ಮೊದಲೇ ಪಶುವೈದ್ಯರಿಗೆ ಹೇಳಿ. ಇನ್ನು ಮನೆ ಕಾಯಲ್ಲ ಅನ್ನೋ ಚಿಂತೆ ಬೇಡ, ಬೊಗಳೋದನ್ನೇನೂ ಬಿಡಲ್ಲ. ದಪ್ಪ ಆಗುತ್ತೆ ಅನ್ನೋ ಮಾತಲ್ಲಿ ಮಾತ್ರ ನಿಜವಿದೆ, ಊಟ ಸ್ವಲ್ಪ ಕಮ್ಮಿ ಹಾಕಿ.

ಬೀದಿ ನಾಯಿಗಳಿಗೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಆಪರೇಷನ್ ಜೊತೆಗೆ ರೇಬೀಸ್ ಲಸಿಕೆಯನ್ನೂ ಹಾಕಿ, ಗುರುತಿಗೆ ಕಿವಿ ಕತ್ತರಿಸಿರುತ್ತಾರೆ. ಆದರೆ ಕಿವಿ ಗುರುತು ನೋಡಿ, ‘ಇದಕ್ಕೆ ಇಂಜೆಕ್ಷನ್ ಆಗಿದೆ’ ಅಂತ ಸುಮ್ಮನಿರಬೇಡಿ. ಆ ಲಸಿಕೆಯ ಅವಧಿ ಯಾವಾಗ ಮುಗಿದಿದೆಯೋ ಕಿವಿ ಹೇಳಲ್ಲ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಿ.